ನೀನು ತುಟಿ ಮಾತ್ರ ಆಡಿಸು

ಮೊದಲು ನಿಮ್ಮಿಂದ ಒಂದು ಕೆಲಸ ಆಗಬೇಕು. ನೀವು ಓದಿದ ಪ್ರಾಥಮಿಕ ಶಾಲೆಯಲ್ಲಿ ದಿನಾ ಬೆಳಿಗ್ಗೆ ಹಾಡಿಸುತ್ತಿದ್ದ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಶುರು ಮಾಡಿ. ಗಟ್ಟಿಯಾಗಿ ಬೇಡ. ಮೊದಲ ಸಾಲು, ಎರಡನೆಯ ಸಾಲು... ಬಂತಲ್ಲವೇ? ಈಗ ಅದೇ ಪ್ರಾರ್ಥನೆಯ ಐದನೆಯ ಸಾಲನ್ನು, ಹಿಂದಿನ ಸಾಲುಗಳನ್ನು ಹಾಡಿಕೊಳ್ಳದೆ, ನೇರವಾಗಿ ಹೇಳಿ. ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತಿದೆ, ಬಹಳ ಜನಕ್ಕೆ ಸಿಗುತ್ತಿಲ್ಲ. ಮೊದಲಿನಿಂದ ಹಾಡಿಕೊಂಡು ಬಂದರೆ ಆ ಐದನೆಯ ಸಾಲು ಕರೆಯದೆಯೇ ಬಾಯಿಗೆ ಬರುತ್ತದೆ.

ಹಾಡು ನಮ್ಮೊಳಗೆ ಉಳಿಯುವ ರೀತಿಯೇ ಹೀಗೆ. ಒಂದು ಕೊಂಡಿ ಇನ್ನೊಂದನ್ನು ಎಳೆದುಕೊಂಡು ಬರುವ ಸರಪಳಿ ಅದು. ಆಗ ಬಾಯಿಪಾಠ ಮಾಡಿದ ಎಷ್ಟು ಉತ್ತರಗಳು ಈಗ ನೆನಪಿವೆ? ಹಾಡು ಮಾತ್ರ ಇದೆ. ಇದನ್ನು ವಾಂಡಾ ವ್ಯಾಲೇಸ್ ಎಂಬ ಸಂಶೋಧಕಿ 1994ರಲ್ಲಿ ಪರೀಕ್ಷೆ ಮಾಡಿ ನೋಡಿದರು. ಒಂದೇ ಪಠ್ಯವನ್ನು ಕೆಲವರಿಗೆ ಓದಿ ಹೇಳಿದರು, ಕೆಲವರಿಗೆ ಹಾಡಿ ಕೇಳಿಸಿದರು. ಹಾಡಿ ಕೇಳಿಸಿದವರಿಗೆ ಮಾತುಗಳು ಹೆಚ್ಚು ನೆನಪಿದ್ದವು. ಆದರೆ ಅದಕ್ಕೊಂದು ಷರತ್ತು ಇತ್ತು. ಅದೇ ಧಾಟಿ ನುಡಿಯಿಂದ ನುಡಿಗೆ ಮರುಕಳಿಸಬೇಕು. ಒಂದೇ ನುಡಿಯನ್ನು ಒಂದೇ ಸಲ ಹಾಡಿ ಕೇಳಿಸಿದಾಗ ಧಾಟಿಯಿಂದ ಅಂಥ ಸಹಾಯವೇನೂ ಆಗಲಿಲ್ಲ. ಮಕ್ಕಳ ಹಾಡುಗಳಲ್ಲಿ ಧಾಟಿ ಸರಳವಾಗಿದ್ದು ಮತ್ತೆ ಮತ್ತೆ ಬರುತ್ತದಲ್ಲ, ಅದು ಬಡತನವಲ್ಲ. ನೆನಪು ಹಿಡಿದು ನಡೆಯುವುದೇ ಅದನ್ನು.

ಅದೇ ವರ್ಷ ಡೇನಿಯಲ್ ಲೆವಿಟಿನ್ ಎಂಬ ಸಂಶೋಧಕರದೊಂದು ಪ್ರಯೋಗವೂ ಪ್ರಕಟವಾಯಿತು. ಅವರು 46 ಜನರನ್ನು ಕರೆದು, ಚೆನ್ನಾಗಿ ಗೊತ್ತಿರುವ ಧ್ವನಿಮುದ್ರಿತ ಹಾಡೊಂದನ್ನು ಆರಿಸಿಕೊಂಡು ನೆನಪಿನಿಂದ ಹಾಡಿ ಎಂದರು. ಎದುರಿಗೆ ಹಾರ್ಮೋನಿಯಂ ಇಲ್ಲ, ತಂಬೂರಿ ಇಲ್ಲ, ಶ್ರುತಿ ಕೊಡುವ ಯಾವುದೂ ಇಲ್ಲ. ಎರಡೆರಡು ಪ್ರಯತ್ನ. ಸುಮಾರು 40 ಶೇಕಡಾ ಜನ ಒಂದು ಪ್ರಯತ್ನದಲ್ಲಾದರೂ ಮೂಲ ಹಾಡಿನ ಶ್ರುತಿಯಲ್ಲೇ ಶುರು ಮಾಡಿದರು. ಇವರನ್ನು ಸಂಗೀತ ವಿದ್ವಾಂಸರೆಂದು ಆರಿಸಿ ತಂದಿರಲಿಲ್ಲ. ಅಂದರೆ ರಾಗ, ಮಾತು ಅಷ್ಟೇ ಅಲ್ಲ, ಎಷ್ಟು ಎತ್ತರದಲ್ಲಿ ಹಾಡಿದ್ದು ಎಂಬುದೂ ತಲೆಯಲ್ಲಿ ಕೂತಿರುತ್ತದೆ. ಇಷ್ಟು ಸೂಕ್ಷ್ಮವಾದ ಕಿವಿ ಸಾಮಾನ್ಯರಲ್ಲೂ ಇದೆ ಎನ್ನುವುದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ನನ್ನ ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ನನಗೆ ಕಾರ್ಯಕ್ರಮದ ದಿನಕ್ಕಿಂತ ಪ್ರಾಕ್ಟೀಸಿನ ದಿನಗಳೇ ಹೆಚ್ಚು ನೆನಪಿವೆ. ವೇದಿಕೆಯ ಮೇಲೆ ನಿಂತದ್ದು ಕೆಲವೇ ನಿಮಿಷ. ಕಣ್ಣಿಗೆ ಬೆಳಕು ಹೊಡೆಯುತ್ತಿತ್ತು, ಎದುರಿಗೆ ಏನೂ ಕಾಣುತ್ತಿರಲಿಲ್ಲ. ಮುಗಿಯಿತು ಎನ್ನುವುದರೊಳಗೆ ಕೆಳಗಿಳಿದಾಗಿತ್ತು. ಪ್ರಾಕ್ಟೀಸ್ ಹಾಗಲ್ಲ. ಕೊನೆಯ ಪೀರಿಯಡ್ ಬಿಟ್ಟು ವರಾಂಡದಲ್ಲಿ ಸಾಲಾಗಿ ನಿಲ್ಲುವುದು, ಪಕ್ಕದ ಕೋಣೆಯಲ್ಲಿ ಕೋಲಾಟದವರ ತಾಳ ನಮ್ಮ ಹಾಡಿನೊಳಗೆ ನುಗ್ಗುವುದು, ಟೀಚರ್ ಡಸ್ಟರಿನಿಂದ ಮೇಜು ಕುಟ್ಟಿ 'ಮತ್ತೆ ಮೊದಲಿಂದ' ಎನ್ನುವುದು. ಉದ್ದ ಜಡೆಯವಳು ಮುಂದಿನ ಸಾಲಿಗೆ, ಎತ್ತರದವನು ಹಿಂದಿನ ಸಾಲಿಗೆ. ಆ ದಿನಗಳಲ್ಲಿ ಗಣಿತದ ಮೇಷ್ಟ್ರು ಕೂಡ ಬಾಗಿಲಲ್ಲಿ ನಿಂತು ಕೇಳಿ ಹೋಗುತ್ತಿದ್ದರು. ಅವರು ತಲೆದೂಗಿದರೆ ನಮಗೆ ಆಕಾಶವೇ ಸಿಕ್ಕಿದಂತಾಗುತ್ತಿತ್ತು.

ಸಾಲಿನಲ್ಲಿ ನಿಂತು ಹಾಡುವಾಗ ಆಗುವ ಒಂದು ಅನುಭವ ಇದೆ. ಹಾಡಿದವರಿಗೆಲ್ಲ ಗೊತ್ತು. ಎಡಗಡೆಯವಳ ಧ್ವನಿ, ಬಲಗಡೆಯವನ ಧ್ವನಿ, ನನ್ನದು ಮೂರೂ ಒಂದೇ ಸ್ವರಕ್ಕೆ ಬಂದು ಕೂತ ಕ್ಷಣದಲ್ಲಿ ನನ್ನ ಧ್ವನಿ ನನಗೆ ಬೇರೆಯಾಗಿ ಕೇಳುವುದೇ ಇಲ್ಲ. ಗಂಟಲು ಕಂಪಿಸುವುದು ಮಾತ್ರ ಗೊತ್ತಾಗುತ್ತದೆ. ಏಳೆಂಟು ವರ್ಷದ ಮಗುವಿಗೆ ಇದು ಶಾಲೆ ಕೊಡಬಹುದಾದ ಬಹು ದೊಡ್ಡ ಸುಖಗಳಲ್ಲಿ ಒಂದು. ಅದಕ್ಕೇ, ಯಾವುದಾದರೂ ಮಗುವಿನಿಂದ ಅದನ್ನು ಕಿತ್ತುಕೊಳ್ಳುವುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಹೇಗೆ ಕಿತ್ತುಕೊಳ್ಳುತ್ತೇವೆ ಎನ್ನುವುದಕ್ಕೆ ಒಬ್ಬ ಹಿರಿಯರ ಕಥೆ ಹೇಳಬೇಕು. ನಾನು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ ಕಡೆಗೆ ಅವರು ಮೊಮ್ಮಗಳನ್ನು ಕರೆತರುತ್ತಿದ್ದರು. ತರಗತಿ ಮುಗಿಯುವವರೆಗೂ ಹಿಂದಿನ ಬೆಂಚಿನಲ್ಲಿ ಕೂತು ಕಾಲಿನಲ್ಲಿ ತಾಳ ಹಾಕುತ್ತಿದ್ದರು. ತಾಳ ಒಮ್ಮೆಯೂ ತಪ್ಪುತ್ತಿರಲಿಲ್ಲ. ಒಂದು ದಿನ 'ಸರ್, ನೀವೂ ಬನ್ನಿ, ನಾಲ್ಕು ಸಾಲು ನಮ್ಮ ಜೊತೆ ಹಾಡಿ' ಅಂದೆ. 'ನನ್ನದೇನಿದ್ದರೂ ಕೇಳುವ ಕೆಲಸ ಮೇಡಂ. ಹಾಡುವುದರ ತೀರ್ಮಾನ ಮೂರನೇ ಕ್ಲಾಸಿನಲ್ಲೇ ಆಗಿಹೋಗಿದೆ' ಅಂದರು.

ಮೆಲ್ಲಗೆ ಕೇಳಿದಾಗ ಹೇಳಿದರು. ಶಾಲಾ ವಾರ್ಷಿಕೋತ್ಸವದ ಸಮೂಹಗಾನಕ್ಕೆ ಇಡೀ ತರಗತಿಯನ್ನು ನಿಲ್ಲಿಸಿದ್ದರಂತೆ. ಹಾಡಿಸುತ್ತಿದ್ದವರು ಸಾಲಿನ ಉದ್ದಕ್ಕೂ ಕಿವಿ ಬಾಗಿಸಿಕೊಂಡು ಬಂದು ಇವರ ಮುಂದೆ ನಿಂತರು. ಹೆಗಲ ಮೇಲೆ ಕೈಯಿಟ್ಟು, 'ನೀನು ತುಟಿ ಮಾತ್ರ ಆಡಿಸು ಮರಿ' ಅಂದರು. ಬೈಯಲಿಲ್ಲ, ಗದರಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಹುಡುಗ ಹಾಗೇ ಮಾಡಿದ. ಕಾರ್ಯಕ್ರಮದ ರಾತ್ರಿ ಮನೆಗೆ ನಡೆದು ಹೋಗುವಾಗ ಅವರ ತಾಯಿ, 'ಅಷ್ಟು ಮಕ್ಕಳ ನಡುವೆ ನಿನ್ನ ಧ್ವನಿ ನನಗೆ ಬೇರೆಯಾಗೇ ಕೇಳಿಸಿತು ಕಣೋ' ಅಂದರಂತೆ. ಅವರು ತಾಯಿಗೆ ನಿಜ ಹೇಳಲಿಲ್ಲ. ತಾಯಿ ಬದುಕಿರುವವರೆಗೂ ಹೇಳಲಿಲ್ಲ.

ಈ ಸಭೆಯಲ್ಲೂ ಕೇಳುತ್ತೇನೆ. ಶಾಲೆಯಲ್ಲಿ ಈ ಮಾತು, ಅಥವಾ ಇದರ ಹತ್ತಿರದ್ದು, 'ನಿನಗೆ ಕಂಠ ಇಲ್ಲ', 'ನೀನು ಪರದೆ ಎಳೆಯೋಕೆ ಇರು', ಇಂಥದ್ದು ಯಾರಿಗೆಲ್ಲ ಸಿಕ್ಕಿದೆ? ಕೈ ಎತ್ತಿ. ನೋಡಿ, ಅಕ್ಕಪಕ್ಕ ನೋಡಿ. ನಾನು ಎಲ್ಲೇ ಕೇಳಿದರೂ ಇಷ್ಟೇ ಕೈಗಳು ಮೇಲೇಳುತ್ತವೆ. ಯಾವ ತರಗತಿ, ಎಲ್ಲಿ ನಿಂತಿದ್ದೆ, ಪಕ್ಕದಲ್ಲಿ ಯಾರಿದ್ದರು ಎಂಬುದನ್ನೆಲ್ಲ ಹೇಳುತ್ತಾರೆ. ಆ ಹಾಡನ್ನೂ ಹಾಡದೆಯೇ ನೆನಪಿಟ್ಟುಕೊಂಡಿರುತ್ತಾರೆ.

ಇಷ್ಟು ಜನಕ್ಕೆ ನಿಜವಾಗಿಯೂ ಸ್ವರ ಹಿಡಿಯಲು ಬರುವುದಿಲ್ಲವೇ? ಸ್ವರಭೇದ ಗುರುತಿಸಲು ಹುಟ್ಟಿನಿಂದಲೇ ಆಗದ ಸ್ಥಿತಿಯೊಂದಿದೆ, ಅದು ಸತ್ಯ. 1980ರಲ್ಲಿ ಕಾಲ್ಮಸ್ ಮತ್ತು ಫ್ರೈ ಎಂಬ ಇಬ್ಬರು ನಡೆಸಿದ ಅಧ್ಯಯನದ ಆಧಾರದ ಮೇಲೆ ನೂರರಲ್ಲಿ ನಾಲ್ಕು ಜನಕ್ಕೆ ಹೀಗಿರಬಹುದು ಎಂದು ಬಹುಕಾಲ ಹೇಳುತ್ತಿದ್ದರು. 2017ರಲ್ಲಿ ಇಸಾಬೆಲ್ ಪೆರೆಟ್ಜ್ ಮತ್ತು ಡೊಮಿನಿಕ್ ವುವಾನ್ ಸುಮಾರು 20,000 ಜನರ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಪ್ರಮಾಣ ಒಂದೂವರೆ ಶೇಕಡಾಕ್ಕೆ ಇಳಿಯಿತು. ನಲವತ್ತು ಮಕ್ಕಳ ತರಗತಿಯಲ್ಲಿ ಅಂಥ ಒಂದು ಮಗು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆದರೆ ನಾವು ಅದೇ ತರಗತಿಯಲ್ಲಿ ಆರೇಳು ಮಕ್ಕಳನ್ನು ಹಿಂದಿನ ಸಾಲಿಗೆ ತಳ್ಳುತ್ತೇವೆ.

ಇದೇ ಪೆರೆಟ್ಜ್ ಅವರೂ ಸೇರಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸಂಶೋಧಕರು ಮಾಡಿದ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ, 2007ರದ್ದು. ಸಂಗೀತ ಕಲಿಯದ ಸಾಮಾನ್ಯ ಜನರಿಂದ ಎಲ್ಲರಿಗೂ ಗೊತ್ತಿರುವ ಹಾಡೊಂದನ್ನು ಹಾಡಿಸಿ, ವೃತ್ತಿಗಾಯಕರ ಹಾಡಿಕೆಯ ಜೊತೆ ಹೋಲಿಸಿದರು. ಸಾಮಾನ್ಯರು ಹೆಚ್ಚು ತಪ್ಪಿದ್ದರು ನಿಜ, ಜೊತೆಗೆ ಓಡುತ್ತಲೂ ಇದ್ದರು, ಗಾಯಕರಿಗಿಂತ ವೇಗವಾಗಿ ಹಾಡುತ್ತಿದ್ದರು. ಅವರಲ್ಲಿ ಕೆಲವರಿಗೆ ನಿಧಾನವಾಗಿ ಹಾಡಿ ಎಂದು ಹೇಳಿ ಮತ್ತೆ ಹಾಡಿಸಿದಾಗ, ಒಬ್ಬಿಬ್ಬರನ್ನು ಬಿಟ್ಟು ಉಳಿದವರು ಸ್ವರಶುದ್ಧಿಯಲ್ಲಿ ವೃತ್ತಿಗಾಯಕರ ಪಕ್ಕಕ್ಕೆ ಬಂದು ನಿಂತರು. ಬರೀ ಲಯ ಇಳಿಸಿದ್ದಕ್ಕೆ! ಟೀಚರುಗಳೇ ಇಲ್ಲಿ ಹೆಚ್ಚು ಕೂತಿದ್ದೀರಿ. ನಿಮ್ಮ ಮುಂದಿನ ಪ್ರಾಕ್ಟೀಸಿನಲ್ಲಿ ಬೇರೇನೂ ಮಾಡದೆ ಇದೊಂದನ್ನೇ ಮಾಡಿ ನೋಡಿ. ಹಾಡಿನ ಅರ್ಧ ವೇಗದಲ್ಲಿ ಹಾಡಿಸಿ.

ಮಕ್ಕಳು ಶ್ರುತಿ ತಪ್ಪುವುದಕ್ಕೆ ಕಾರಣ ಬಹುಪಾಲು ನಮ್ಮ ಕಡೆಯೇ ಇದೆ. ಮೊದಲನೆಯದು ಎತ್ತರ. ಆರೆಂಟು ವರ್ಷದ ಮಗು ಆರಾಮವಾಗಿ ಹಾಡುವ ಜಾಗ ಸುಮಾರು 290 ಹರ್ಟ್ಜ್‌ನಿಂದ 440 ಹರ್ಟ್ಜ್ ವರೆಗೆ. ಹಾರ್ಮೋನಿಯಂ ಭಾಷೆಯಲ್ಲಿ ಹೇಳಿದರೆ, ಮಧ್ಯಸ್ಥಾಯಿಯ ಬಿಳಿ ಎರಡರಿಂದ ಬಿಳಿ ಆರರವರೆಗೆ, ಐದೇ ಐದು ಬಿಳಿ ಮನೆ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿ. ಅದರಾಚೆಗೂ ಈಚೆಗೂ ಧ್ವನಿ ಹೋಗುತ್ತದೆ, ಆದರೆ ನೆಮ್ಮದಿಯಾಗಿ ನಿಲ್ಲುವುದು ಅಲ್ಲಿ. ನಾವು ಏನು ಮಾಡುತ್ತೇವೆ? ಸಿನಿಮಾ ಹಾಡು ಕೊಡುತ್ತೇವೆ. ನುರಿತ ಗಾಯಕಿಗೆಂದು ಕಟ್ಟಿದ, ಒಂದೂವರೆ ಸ್ಥಾಯಿ ಏರಿಳಿಯುವ ಹಾಡು. ಪಲ್ಲವಿಯಲ್ಲಿ ಮಗುವಿಗೆ ಕೆಳಗಿನ ಸ್ವರ ಸಿಗುವುದಿಲ್ಲ, ಚರಣದಲ್ಲಿ ಮೇಲಿನದು ಸಿಗುವುದಿಲ್ಲ, ಮಗು ನಡುವೆ ಎಲ್ಲೋ ಒಂದು ಸ್ವರ ಹಿಡಿದು ನಿಂತುಬಿಡುತ್ತದೆ. ನಾವು 'ಕಂಠ ಇಲ್ಲ' ಅನ್ನುತ್ತೇವೆ.

ಎರಡನೆಯದು, ಹೇಳಿಕೊಡುವವರು ಗಂಡಸರಾಗಿದ್ದರೆ ಬರುವ ತೊಡಕು. ಮೇಷ್ಟ್ರ ಧ್ವನಿ ಮಗುವಿನ ಧ್ವನಿಗಿಂತ ಒಂದು ಸ್ಥಾಯಿ ಕೆಳಗಿರುತ್ತದೆ. 'ನಾನು ಹಾಡಿದ ಹಾಗೆ ಹಾಡು' ಅಂದರೆ, ಅದೇ ಸ್ವರವನ್ನು ಮೇಲಿನ ಸ್ಥಾಯಿಯಲ್ಲಿ ಹಾಡಬೇಕು ಎಂದು ದೊಡ್ಡವರಿಗೆ ಗೊತ್ತು, ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಹೇಳಿದ್ದನ್ನು ಪ್ರಾಮಾಣಿಕವಾಗಿ ಪಾಲಿಸಲು ಹೋಗಿ ಮಗು ಗಂಟಲನ್ನು ಕೆಳಗೆ ಒತ್ತುತ್ತದೆ, ಗೊಗ್ಗರು ಧ್ವನಿ ಬರುತ್ತದೆ. ಅತ್ಯಂತ ವಿಧೇಯ ಮಗುವೇ ಅತ್ಯಂತ ಅಪಶ್ರುತಿಯ ಮಗುವಾಗಿ ಕಾಣುವ ಸಂದರ್ಭ ಇದು. ಇದಕ್ಕೆ ಪರಿಹಾರ ಸುಲಭ. ಸರಿಯಾಗಿ ಹಾಡುವ ಇನ್ನೊಂದು ಮಗುವನ್ನು ಎದ್ದು ನಿಲ್ಲಿಸಿ ಹಾಡಿಸಿ. ಮಗುವಿನ ಧ್ವನಿಯನ್ನು ಮಗು ಬೇಗ ಹಿಡಿಯುತ್ತದೆ.

ಹಂಗೇರಿಯ ಝೋಲ್ಟಾನ್ ಕೊಡಾಯ್ ಹೆಸರು ಸಂಗೀತ ಕಲಿಸುವವರಿಗೆ ಪರಿಚಿತ. ಸ್ವತಃ ದೊಡ್ಡ ಸಂಗೀತ ಸಂಯೋಜಕರು. ಅಂಥವರು ಶಾಲೆಯ ಮಕ್ಕಳ ಹಾಡಿಕೆ ಕೇಳಿ ನೊಂದು, ಅದನ್ನು ಸರಿಪಡಿಸುವುದಕ್ಕಾಗಿ ದಶಕಗಳ ಕಾಲ ಬರೆದರು, ದುಡಿದರು. ದಿನವೂ ಸಂಗೀತ ಕಲಿಸುವ ಮೊದಲ ಪ್ರಾಥಮಿಕ ಶಾಲೆ 1950ರಲ್ಲಿ ಅವರ ಹುಟ್ಟೂರಾದ ಕೆಚ್ಕೆಮೆಟ್‌ನಲ್ಲಿ ಶುರುವಾಯಿತು. ಅವರ ಕ್ರಮದಲ್ಲಿ ಪುಟ್ಟ ಮಕ್ಕಳ ಮೊದಲ ಸ್ವರಗಳು ಪೂರ್ತಿ ಸಪ್ತಕ ಅಲ್ಲ. ಎರಡೇ ಸ್ವರ, ನಮ್ಮ ಲೆಕ್ಕದಲ್ಲಿ ಪಂಚಮದಿಂದ ಅಂತರ ಗಾಂಧಾರಕ್ಕೆ ಇಳಿಯುವುದು. ಮಕ್ಕಳು ಆಟವಾಡುವಾಗ ಗೆಳೆಯನನ್ನು ದೂರದಿಂದ ಎಳೆದು ಕೂಗುವುದನ್ನು ಗಮನಿಸಿ. ಆ ಕೂಗಿನಲ್ಲಿ ಈ ಇಳಿತ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಯಾರೂ ಕಲಿಸದೆ ಬಂದದ್ದರಿಂದ ಪಾಠ ಶುರು ಮಾಡಿ, ಒಂದೊಂದೇ ಸ್ವರ ಸೇರಿಸುತ್ತ ಹೋಗುತ್ತಾರೆ. ಆರೋಹಣ ಅವರೋಹಣದಿಂದ ಶುರು ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ, ನಾನೂ ಹಾಗೇ ಕಲಿತವಳು. ಆದರೆ ನಲವತ್ತು ಮಕ್ಕಳನ್ನು ಒಟ್ಟಿಗೆ ಹಾಡಿಸುವ ಶಾಲೆಯಲ್ಲಿ ಎರಡು ಸ್ವರದ ದಾರಿ ಯಾರನ್ನೂ ಹಿಂದೆ ಬಿಡುವುದಿಲ್ಲ.

ಗಂಡುಮಕ್ಕಳ ಧ್ವನಿ ಒಡೆಯುವ ವಯಸ್ಸಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದ್ದರಿಂದ ಸ್ವಲ್ಪ ಹೊತ್ತು ಅಲ್ಲಿ ನಿಲ್ಲುತ್ತೇನೆ. ಹನ್ನೆರಡು, ಹದಿಮೂರರ ಹೊತ್ತಿಗೆ ಧ್ವನಿತಂತುಗಳು ಬೇಗ ಬೇಗ ಉದ್ದವಾಗುತ್ತವೆ, ದಪ್ಪವಾಗುತ್ತವೆ. ಹುಡುಗರ ಧ್ವನಿ ಹೆಚ್ಚು ಕಡಿಮೆ ಒಂದು ಪೂರ್ತಿ ಸ್ಥಾಯಿ ಕೆಳಗಿಳಿಯುತ್ತದೆ. ಹುಡುಗಿಯರದ್ದೂ ಇಳಿಯುತ್ತದೆ, ಆದರೆ ಎರಡು ಮೂರು ಸ್ವರದಷ್ಟು. ನಿನ್ನೆವರೆಗೂ ಪ್ರಾರ್ಥನೆಗೆ ಮುಂದೆ ನಿಂತು ಹೇಳಿಕೊಡುತ್ತಿದ್ದ ಹುಡುಗನಿಗೆ ಇವತ್ತು ಯಾವ ಸ್ವರ ಬರುತ್ತದೋ ಅವನಿಗೇ ಗೊತ್ತಿಲ್ಲ. ತರಗತಿ ನಗುತ್ತದೆ. ಅವನು ಹಾಡುವುದನ್ನು ಬಿಡುತ್ತಾನೆ, ನಾವು 'ಈಗ ಅವನಿಗೆ ಕ್ರಿಕೆಟ್ ಹುಚ್ಚು' ಅನ್ನುತ್ತೇವೆ. ಬಿಡಿಸಬೇಕಾಗಿಲ್ಲ. ಒತ್ತಡ ಹಾಕದೆ, ಎತ್ತರದ ಸ್ವರಕ್ಕೆ ಎಳೆಯದೆ, ನಾಲ್ಕೈದು ಸ್ವರದೊಳಗಿನ ಹಾಡು ಕೊಟ್ಟರೆ ಆ ಕಾಲವನ್ನು ಅವನು ಹಾಡುತ್ತಲೇ ದಾಟುತ್ತಾನೆ. ಅವನಿಗೆ ಮೊದಲೇ, ಬೇರೆಯವರ ಎದುರಲ್ಲದೆ, 'ಹೀಗಾಗುತ್ತದೆ, ಹೊಸ ಧ್ವನಿ ಬರುತ್ತಿದೆ' ಎಂದು ಒಂದು ಮಾತು ಹೇಳಿಟ್ಟಿರಬೇಕು ಅಷ್ಟೆ.

ಇನ್ನು ಧ್ವನಿವರ್ಧಕ. ಇದರ ಬಗ್ಗೆ ನನಗೆ ಸಿಟ್ಟಿದೆ. ಸುತ್ತ ಗದ್ದಲ ಹೆಚ್ಚಾದರೆ ಮನುಷ್ಯ ತನಗೆ ಅರಿವಿಲ್ಲದೆ ಧ್ವನಿ ಏರಿಸುತ್ತಾನೆ ಎಂಬುದನ್ನು 1911ರಲ್ಲೇ ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯರು ದಾಖಲಿಸಿದ್ದಾರೆ. ಈಗ ಶಾಲೆಯ ವೇದಿಕೆ ನೆನಪಿಸಿಕೊಳ್ಳಿ. ಎರಡು ಕಡೆ ಆಳೆತ್ತರದ ಸ್ಪೀಕರು, ಅದರಿಂದ ಮೊದಲೇ ಮುದ್ರಿಸಿಟ್ಟ ಹಿನ್ನೆಲೆ ಸಂಗೀತದ ಟ್ರ್ಯಾಕ್ ಬರುತ್ತಿದೆ, ಮಕ್ಕಳಿಗೆ ತಮ್ಮ ಧ್ವನಿಯೂ ಪಕ್ಕದವರದ್ದೂ ಕೇಳುತ್ತಿಲ್ಲ. ಕಿರಿಚುತ್ತಾರೆ. ಕಿರಿಚಿದಾಗ ಸ್ವರ ಮೇಲಕ್ಕೆ ಜಾರುತ್ತದೆ. ಕೋಣೆಯಲ್ಲಿ ಅಷ್ಟು ಚೆನ್ನಾಗಿ ಹಾಡುತ್ತಿದ್ದ ಗುಂಪು ವೇದಿಕೆಯಲ್ಲಿ ಹಾಳಾಯಿತು ಎಂದು ಟೀಚರ್ ಅಳುತ್ತಾರೆ, ಮಕ್ಕಳಿಗೆ ಭಯವಾಯಿತು ಅನ್ನುತ್ತಾರೆ. ಭಯಕ್ಕಿಂತ ಹೆಚ್ಚಾಗಿ ಅವರಿಗೆ ಕೇಳಿಸಲಿಲ್ಲ. ಟ್ರ್ಯಾಕ್ ತೆಗೆದುಬಿಡಿ. ಒಂದು ಹಾರ್ಮೋನಿಯಂ ಅಥವಾ ಕೀಬೋರ್ಡು, ಒಂದು ತಬಲಾ ಅಥವಾ ಬರೀ ಚಪ್ಪಾಳೆ ಸಾಕು. ಮೈಕನ್ನು ಮುಂದಿನ ಸಾಲಿನ ಇಬ್ಬರ ಬಾಯಿಗೆ ಹಿಡಿಯಬೇಡಿ. ಹಿಡಿದರೆ ಆ ಇಬ್ಬರೇ ಕೇಳುತ್ತಾರೆ, ಉಳಿದ ಮೂವತ್ತೆಂಟು ಮಕ್ಕಳು ತುಟಿ ಆಡಿಸಿದಂತೆಯೇ ಲೆಕ್ಕ. ಮಕ್ಕಳ ಎದುರಿಗೆ ಒಂದೆರಡು ಮೀಟರ್ ದೂರದಲ್ಲಿ, ತಲೆಗಿಂತ ಸ್ವಲ್ಪ ಎತ್ತರದಲ್ಲಿ ಇಡಿ. ಸ್ಪೀಕರುಗಳು ಮೈಕಿಗಿಂತ ಮುಂದೆ, ಜನರ ಕಡೆಗೆ ಇರಲಿ, ಆಗ ಕುಂಯ್‌ಗುಡುವುದೂ ಕಡಿಮೆ.

ಭಯ ಇರುವುದಿಲ್ಲವೇ ಎಂದರೆ, ಇರುತ್ತದೆ. ಬಾಯಿ ಒಣಗುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ, ಲಯ ಓಡುತ್ತದೆ. ಮೊದಲಿಗೆ ನಿಮ್ಮಿಂದ ಐದನೆಯ ಸಾಲು ಕೇಳಿದೆನಲ್ಲ, ಅದರ ಉಪಯೋಗ ಇಲ್ಲಿದೆ. ಮೊದಲಿನಿಂದ ಮಾತ್ರ ಗೊತ್ತಿರುವ ಮಗು ನಡುವೆ ಕೊಂಡಿ ಕಳಚಿದರೆ ನಿಂತೇ ಹೋಗುತ್ತದೆ, ಮತ್ತೆ ಸೇರಿಕೊಳ್ಳುವ ಬಾಗಿಲು ಅದಕ್ಕೆ ಸಿಗುವುದಿಲ್ಲ. ನುರಿತ ಪಿಯಾನೊ ವಾದಕರು ದೊಡ್ಡ ಕೃತಿಯೊಂದನ್ನು ಕಂಠಪಾಠ ಮಾಡುವುದನ್ನು ರೋಜರ್ ಚಾಫಿನ್ ಎಂಬ ಮನೋವಿಜ್ಞಾನಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಎಲ್ಲಿ ಎಡವಿದರೂ ಅಲ್ಲಿಂದ ಹಿಡಿದುಕೊಳ್ಳಲು ಆಗುವ ಹಾಗೆ ಆ ವಾದಕರು ಕೃತಿಯ ಉದ್ದಕ್ಕೂ ಗುರುತುಗಳನ್ನು ಮನಸ್ಸಿನಲ್ಲಿ ನೆಟ್ಟುಕೊಂಡಿರುತ್ತಾರೆ. ಮಕ್ಕಳಿಗೂ ಇದನ್ನೇ ಆಟವಾಗಿ ಮಾಡಿಸಬಹುದು. 'ಎರಡನೇ ಚರಣದಿಂದ!' ಎಂದು ಥಟ್ಟನೆ ಹೇಳಿ, ಅಲ್ಲಿಂದ ಎತ್ತಿಕೊಳ್ಳಲಿ. 'ಮತ್ತೆ ಮೊದಲಿಂದ' ಎನ್ನುವುದನ್ನು ನಾವು ಸ್ವಲ್ಪ ಕಡಿಮೆ ಮಾಡಬೇಕು.

ಬಹುಮಾನದ ವಿಷಯ ಒಂದೇ ಮಾತು. ಹತ್ತು ವರ್ಷದೊಳಗಿನ ಮಕ್ಕಳಿಗೆ ಗಾಯನ ಸ್ಪರ್ಧೆ ಬೇಡ. ಹಾಡಲಿ, ಬಹುಮಾನ ಇಲ್ಲದೆ ಹಾಡಲಿ.

ಆ ಹಿರಿಯರ ವಿಷಯ ಅರ್ಧಕ್ಕೆ ಬಿಟ್ಟೆ. ಅವರಿಗೆ ನಾನು ಹಾಡಿ ಎನ್ನಲಿಲ್ಲ. 'ಮೊಮ್ಮಗಳು ಕಥೆ ಹೇಳುತ್ತಾಳೆ, ನೀವು ಹೂಂಗುಟ್ಟಿ ಸಾಕು' ಅಂದೆ. ಅವಳು ಕಥೆ ಶುರು ಮಾಡಿದಳು, ಇವರು ಹೂಂ, ಹೂಂ ಅನ್ನುತ್ತ ಹೋದರು. ಆ 'ಹೂಂ' ಯಾವ ಎತ್ತರದಲ್ಲಿದೆ ಎಂದು ನಾನು ಹಾರ್ಮೋನಿಯಂನಲ್ಲಿ ಹುಡುಕಿ, ಆ ಮನೆ ಒತ್ತಿ ಹಿಡಿದೆ. 'ಈಗ ಅದನ್ನೇ ಸ್ವಲ್ಪ ಉದ್ದ ಮಾಡಿ ಸರ್.' ಉದ್ದ ಮಾಡಿದರು. ಎರಡೂ ಸೇರಿದವು. ಅವರು ಕಥೆ ಮರೆತು ನನ್ನ ಕಡೆ ತಿರುಗಿದರು, ಸೇರಿದ್ದು ಅವರಿಗೂ ಗೊತ್ತಾಗಿತ್ತು. ನಾನು ಅರ್ಧ ಸ್ವರ ಮೇಲಿನ ಮನೆ ಒತ್ತಿದೆ, ಅವರೂ ಏರಿದರು. ಕೆಳಗಿಳಿದೆ, ಇಳಿದರು. ಅವರ ಶ್ರುತಿ ಎಲ್ಲಿದೆ ಎಂದು ಅಲ್ಲಿಯವರೆಗೆ ಯಾರೂ ಹುಡುಕಿಯೇ ಇರಲಿಲ್ಲ. ಎಲ್ಲರೂ ತಮ್ಮ ಶ್ರುತಿಗೆ ಅವರನ್ನು ಕರೆದಿದ್ದರು.

ಅಲ್ಲಿಂದೀಚೆಗೆ ಮಕ್ಕಳ ತರಗತಿಯಲ್ಲೂ ಹಾಗೇ ಮಾಡುತ್ತೇನೆ. ಶ್ರುತಿ ಸೇರದ ಮಗುವನ್ನು ಎರಡು ಗಟ್ಟಿ ಧ್ವನಿಗಳ ನಡುವೆ ನಿಲ್ಲಿಸುತ್ತೇನೆ, ಅದು ಎಲ್ಲರಿಗೂ ಗೊತ್ತಿರುವ ಉಪಾಯ. ಅದಕ್ಕೂ ಮೊದಲು, 'ಇವತ್ತು ಹಾಡು ನೀನೇ ಎತ್ತು' ಅನ್ನುತ್ತೇನೆ. ಮಗು ತನಗೆ ತೋಚಿದ ಎತ್ತರದಲ್ಲಿ ಮೊದಲ ಸಾಲು ಹಾಡುತ್ತದೆ, ಉಳಿದವರೆಲ್ಲ ಅಲ್ಲಿಗೆ ಬಂದು ಸೇರಬೇಕು. ಚೆನ್ನಾಗಿ ಹಾಡುವ ಮಕ್ಕಳಿಗೆ ಇದು ಒಳ್ಳೆಯ ಕಸರತ್ತು, ಕಿವಿ ಚುರುಕಾಗುತ್ತದೆ. ಒಬ್ಬಳಿಗೆ ಈ ಅವಕಾಶ ಕೊಟ್ಟರೆ ಮರುದಿನ ಎಲ್ಲರಿಗೂ ಬೇಕು. ಹಾಗಾಗಿ ಹಾಜರಿ ಪುಸ್ತಕದ ಕ್ರಮದಲ್ಲಿ ಸರದಿ ಇಟ್ಟಿದ್ದೇನೆ. ಒಂದು ದಿನ ಬಿಳಿ ಒಂದು, ಮರುದಿನ ಕಪ್ಪು ಎರಡು, ಅದರ ಮರುದಿನ ಇನ್ನೆಲ್ಲೋ. ಹಾರ್ಮೋನಿಯಂ ನುಡಿಸುವವರಿಗೆ ಇದು ಕಷ್ಟದ ಕೆಲಸ, ಎಲ್ಲ ಮನೆಗಳಿಂದಲೂ ಅದೇ ಹಾಡನ್ನು ನುಡಿಸಲು ಕಲಿಯಬೇಕಾಗುತ್ತದೆ. ಕೀಬೋರ್ಡ್ ಇರುವ ಶಾಲೆಯವರು ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ.